ರೈಲು ಯಲಹಂಕದಲ್ಲಿ ನಿಂತದ್ದು

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಮುನಿಕೃಷ್ಣಮ್ಮನವರೇ, ಅತಿಥಿಗಳಾಗಿ ಬಂದಿರುವ ಮಾಜಿ ಕಾರ್ಪೊರೇಟರ್ ಮುನಿರಾಜು ಅವರೇ, ಪುಟ್ಟೇನಹಳ್ಳಿಯ ಅಕ್ಕತಂಗಿಯರೇ, ಅವರ ಒತ್ತಾಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಯಜಮಾನರುಗಳೇ, ಸಭಿಕರೇ,

ಜನಪ್ರತಿನಿಧಿಗಳನ್ನು ಸಂಪರ್ಕಿಸುವುದು ಹೇಗೆ ಎಂದು ನಾಲ್ಕು ಮಾತಾಡಲು ಹೇಳಿದ್ದಾರೆ. ನಾನು ರಾಜ್ಯಶಾಸ್ತ್ರ ಓದಿದವಳಲ್ಲ, ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವಳು. ರಾಯಚೂರಿನಿಂದ ಬರುವ ರೈಲನ್ನು ಯಲಹಂಕದಲ್ಲಿ ನಿಲ್ಲಿಸಲು ಯಾರ್ಯಾರ ಬಾಗಿಲಿಗೆ ಹೋದೆ ಎಂಬುದು ಮಾತ್ರ ಗೊತ್ತು. ಅದನ್ನೇ ಹೇಳುತ್ತೇನೆ.

ನಮ್ಮ ಯಜಮಾನರು ಶಿವಪುತ್ರ ರಾಯಚೂರಿನಲ್ಲಿ ಉಪನ್ಯಾಸಕರು. ಈ ಕಡೆಗೆ ವರ್ಗ ಸಿಗಲಿಲ್ಲ. ಶನಿವಾರ ರೈಲು ಹತ್ತಿ ಭಾನುವಾರ ಬೆಳಗ್ಗೆ ಬಂದರೆ ಅದೇ ಸಂಜೆ ವಾಪಸು. ರೈಲು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಅವರು ಬಾಗಿಲಲ್ಲಿ ನಿಂತು ಟವೆಲ್ ಬೀಸುತ್ತಿದ್ದರು, ನಾನು ಮಹಡಿಯಿಂದ ಕೈ ಬೀಸುತ್ತಿದ್ದೆ. ಆಮೇಲೆ ಅವರು ಯಶವಂತಪುರದಲ್ಲಿ ಇಳಿದು, ಬಸ್ಸು ಹಿಡಿದು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮನೆ ಸೇರುವಷ್ಟರಲ್ಲಿ ನಾನು ಕರಿದಿಟ್ಟ ಮಿರ್ಚಿ ಮೆತ್ತಗಾಗಿರುತ್ತಿತ್ತು. ಇರುವುದೇ ಒಂದು ಹಗಲು. ಅದರಲ್ಲಿ ಹೆಬ್ಬಾಳಕ್ಕೂ ಪಾಲು ಕೊಟ್ಟರೆ ನನಗೆ ಉಳಿಯುವುದೇನು? ಕ್ಷಮಿಸಿ, ನಮ್ಮ ಭಾಗದ ಪ್ರಯಾಣಿಕರಿಗೆ ಉಳಿಯುವುದೇನು?

ಮೊದಲು ಹೋದದ್ದು ಮುನಿರಾಜು ಅವರ ಮನೆಗೆ.

"ಅಮ್ಮಾ, ಚರಂಡಿ, ಬೀದಿ ದೀಪ ಅಂದ್ರೆ ಹೇಳಿ, ಓಡಾಡ್ತೀನಿ. ರೈಲು ನಿಲ್ಸೋಕೆ ನಾನೇನ್ ಹಳಿ ಮೇಲೆ ಮಲ್ಕೊಳ್ಲಾ?" ಎಂದರು.

ನಗುತ್ತಿದ್ದಾರೆ ನೋಡಿ! ಆದರೆ ಕೆಟ್ಟು ಹೋಗಿದ್ದ ನಮ್ಮ ಬೀದಿಯ ದೀಪ ಅದೇ ವಾರ ಹತ್ತಿತು. ಕೇಳದ್ದನ್ನು ಕೊಟ್ಟರು, ಅವರಿಗೆ ಧನ್ಯವಾದ.

ಅಲ್ಲಿಂದ ಶಾಸಕರ ಕಚೇರಿ. ರೈಲ್ವೆ ಕೇಂದ್ರ ಸರ್ಕಾರದ್ದು, ಲೋಕಸಭಾ ಸದಸ್ಯರನ್ನು ಕಾಣಿ ಎಂದರು. ಸರಿ, ಬೆಂಗಳೂರು ಉತ್ತರದ ಸಂಸದರ ಕಚೇರಿಗೆ ಹೋದೆ. ನಾವಿರುವುದು ಬೆಂಗಳೂರಿನ ಉತ್ತರದಲ್ಲಿ ತಾನೇ? ಅಲ್ಲಿದ್ದ ಅನಂತರಾಜು ಎಂಬ ಸಹಾಯಕರು ನೀರು ಕೊಟ್ಟು ಕೇಳಿದರು: "ನಿಮ್ಮ ವೋಟು ಎಲ್ಲಿದೆ?"

"ಯಲಹಂಕದಾಗ್ರೀ."

"ಹಂಗಾದ್ರೆ ನಿಮ್ ಎಂ.ಪಿ. ಚಿಕ್ಕಬಳ್ಳಾಪುರ ಕ್ಷೇತ್ರದವರು ಕಣಮ್ಮ."

ಎರಡು ಸಲ ವೋಟು ಹಾಕಿದ್ದೆ, ಕ್ಷೇತ್ರದ ಹೆಸರು ಗೊತ್ತಿರಲಿಲ್ಲ! ಮನೆಗೆ ಬಂದು ಇನ್ನು ಸಾಕು ಎಂದು ಕೂತುಬಿಟ್ಟೆ. ಎಬ್ಬಿಸಿದವರು ಮುನಿಕೃಷ್ಣಮ್ಮ. "ಏಯ್ ನೀಲಕ್ಕ, ವೋಟು ಆಕಿದೀವಿ ತಾನೇ? ಭಿಕ್ಷೆ ಕೇಳಾಕೆ ಓಗ್ತಿಲ್ಲ, ನಡಿ!"

ಯಲಹಂಕದಲ್ಲೇ ನಮ್ಮ ಸಂಸದರ ಜನಸಂಪರ್ಕ ಸಭೆಯಿತ್ತು. ಸಂಘದವರೆಲ್ಲ ಹೋದೆವು. ಪ್ರಯಾಣಿಕರ ಸಂಖ್ಯೆ, ಪ್ರಾದೇಶಿಕ ಅಭಿವೃದ್ಧಿ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಮೈಕು ಕೈಗೆ ಬಂದಾಗ ಎಲ್ಲವೂ ಮರೆತುಹೋಯಿತು.

"ಯಾಕಮ್ಮ ಬೇಕು ಆ ಸ್ಟಾಪು?" ಎಂದು ಸಂಸದರು ಕೇಳಿದರು.

"ನಮ್ಮ ಯಜಮಾನ್ರು ವಾರಕ್ಕೊಮ್ಮೆ ಬರ್ತಾರ್ರೀ. ನಮ್ಮನಿ ಮುಂದ ಹಾದು ಹೋಗ್ತಾರ್ರೀ. ಇಳಿಯಾಕ ಆಗಂಗಿಲ್ರೀ" ಎಂದುಬಿಟ್ಟೆ.

ಸಭೆ ಗೊಳ್ಳೆಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಸದರು ಮಾತ್ರ ನಗಲಿಲ್ಲ. "ಇಂಥವರು ಇನ್ನೂ ಯಾರಾದ್ರೂ ಇದ್ದೀರಾ?" ಎಂದರು. ತಿರುಗಿ ನೋಡಿದರೆ ನಮ್ಮ ಸಂಘದ ಜಾಹಿದಾ ಎದ್ದು ನಿಂತಿದ್ದಳು. ಅವಳ ತಾಯಿ ರಾಯಚೂರಿನಿಂದ ಚಿಕಿತ್ಸೆಗೆ ಬರುತ್ತಿದ್ದರು, ಯಶವಂತಪುರದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನಕ್ಕವರಲ್ಲೂ ಕೆಲವರು ಎದ್ದರು.

ಸಂಸದರು ರೈಲ್ವೆಯವರಿಗೆ ಬರೆದರು. ನಾನು ಬಿಡದೆ ಅವರ ಕಚೇರಿಗೆ ಫೋನ್ ಮಾಡಿದೆ. ಕೊನೆಕೊನೆಗೆ ನಾನು ಬಾಯಿ ತೆರೆಯುವ ಮೊದಲೇ "ರೈಲಿನ ನೀಲಕ್ಕನಾ?" ಎನ್ನುತ್ತಿದ್ದರು. ಹೋದ ವರ್ಷ ಮಂಜೂರಾತಿ ಬಂತು.

ಮೊದಲ ಭಾನುವಾರ ಹಾರ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ರೈಲು ಬಂತು, ನಿಂತಿತು! ಜಾಹಿದಾಳ ತಾಯಿ ಇಳಿದರು, ಎಷ್ಟೋ ಜನ ಇಳಿದರು. ನಮ್ಮವರು ಇಳಿಯಲಿಲ್ಲ. ರೈಲು ಹೊರಟೇ ಹೋಯಿತು. ಹಾರವನ್ನು ಜಾಹಿದಾಳ ತಾಯಿಯ ಕೊರಳಿಗೆ ಹಾಕಿದೆ. ಅಷ್ಟರಲ್ಲಿ ಫೋನು.

"ನೀಲಾ, ನಿದ್ದಿ ಹತ್ತಿಬಿಟ್ಟಿತ್ತು. ಯಶವಂತಪುರದಾಗ ಅದೀನಿ."

ಈಗ ಭಾನುವಾರ ರೈಲು ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ನಾನೇ ಫೋನ್ ಮಾಡಿ ಎಬ್ಬಿಸುತ್ತೇನೆ. ಆ ಕೆಲಸ ಪಂಚಾಯಿತಿಯದೂ ಅಲ್ಲ, ಪಾಲಿಕೆಯದೂ ಅಲ್ಲ, ರಾಜ್ಯದ್ದೂ ಅಲ್ಲ, ಕೇಂದ್ರದ್ದೂ ಅಲ್ಲ. ಪೂರ್ತಿ ನನ್ನದೇ.

ಅಂದು ನನ್ನ ಬೆನ್ನ ಹಿಂದೆ ಎದ್ದು ನಿಂತವರಿಗೆ, ಇಂದು ಕೂತು ಕೇಳಿದವರಿಗೆ ನಾನು ಋಣಿ. ನಮಸ್ಕಾರ.