ಬಲಗಡೆ ಖಾಲಿ ಬಿಟ್ಟ ಗುರುತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮೂವತ್ತು ವರ್ಷ ನನ್ನ ತಕರಾರುಗಳನ್ನು ಸಹಿಸಿಕೊಂಡ ಸಮಿತಿಯ ಗೆಳೆಯರೇ, ಚಹಾ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಮೊದಲು ಒಂದು ವಿನಂತಿ. ಈ ನೀರಿನ ಲೋಟವನ್ನು ಸ್ವಲ್ಪ ಆಚೆಗಿಡಿ. ಇನ್ನೂ ಆಚೆ. ಹಾಂ, ಸಾಕು. ಕಾರಣ ಆಮೇಲೆ ಹೇಳುತ್ತೇನೆ.

ನನ್ನ ಕೆಲಸ ಏನೆಂದು ನನ್ನ ಹೆಂಡತಿಗೇ ಇನ್ನೂ ಅರ್ಥವಾಗಿಲ್ಲ. ಆದ್ದರಿಂದ ಎರಡು ಮಾತು. ನೀವು ಕಳಿಸುವ ಪ್ರತಿಯೊಂದು ಇಮೇಲ್‌ನ ತಲೆಯ ಮೇಲೆ ನಿಮಗೆ ಕಾಣದ ಒಂದು ಗುರುತು ಇರುತ್ತದೆ. ನಡುವೆ ಆ್ಯಟ್ ಚಿಹ್ನೆ. ಅದರ ಎಡಗಡೆ ಆ ಪತ್ರಕ್ಕಷ್ಟೇ ಸೇರಿದ ಅಕ್ಷರಗಳು, ಬಲಗಡೆ ಅದು ಹುಟ್ಟಿದ ಯಂತ್ರದ ಹೆಸರು. ಒಮ್ಮೆ ಬಳಸಿದ ಗುರುತು ಜಗತ್ತಿನಲ್ಲಿ ಮತ್ತೆ ಬರಕೂಡದು. ಉತ್ತರ ಬರೆದರೆ, ಯಾವ ಪತ್ರಕ್ಕೆ ಉತ್ತರವೋ ಅದರ ಗುರುತನ್ನೂ ಹೊತ್ತುಕೊಂಡು ಹೋಗಬೇಕು. ಗುರುತಿನಲ್ಲಿ ಏನಿರಬಹುದು, ಏನಿರಬಾರದು ಎಂದು ನಿಯಮ ಬರೆಯುವವರು ನಾವು. ಒಂದು ಚುಕ್ಕೆಗಾಗಿ ಒಂಬತ್ತು ತಿಂಗಳು ಜಗಳವಾಡಿದ್ದೇವೆ. "ಅಷ್ಟರಲ್ಲಿ ಒಂದು ಮಗುವೇ ಹುಟ್ಟುತ್ತಲ್ರೀ!" ಅಂದಳು ನನ್ನ ಹೆಂಡತಿ.

ಈ ಸಮಿತಿಗೆ ನನ್ನನ್ನು ಕರೆತಂದವಳು ನನ್ನ ಅಕ್ಕ. ಹಳಬರಿಗೆ ನೆನಪಿರುತ್ತದೆ, ಆ ಕಿಟಕಿ ಪಕ್ಕದ ಕುರ್ಚಿ ಅವಳದು. ಅವಳು ತನ್ನ ಗುರುತುಗಳಲ್ಲಿ ಬಲಗಡೆ ಏನೂ ಬರೆಯುತ್ತಿರಲಿಲ್ಲ. ಖಾಲಿ. ಅದು ತಪ್ಪು ಎಂದು ನಾನು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ಏನೋ ಪುಟ್ಟಾ, ವಿಳಾಸ ಇಲ್ದೋರು ಕಾಗದ ಬರೀಬಾರ್ದೇನೋ?" ಅಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತೇ ನನ್ನ ಯಂತ್ರಕ್ಕೆ ನನ್ನ ನಿಯಮ ಹಾಕಿದೆ. ಬಲಗಡೆ ಖಾಲಿ ಇದ್ದರೆ ಒಳಗೆ ಬಿಡಬೇಡ, ಅಷ್ಟೆ. ಏಳು ವಾರ ನಾವು ಮಾತಾಡಲಿಲ್ಲ. ಎಂಟನೆಯ ವಾರ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದರ ಹಿಂದಿನ ಸಂಜೆ ಅವಳು ನನಗೆ ಬರೆದಿದ್ದ ಪತ್ರವನ್ನು ನನ್ನ ಯಂತ್ರ ಬಾಗಿಲಲ್ಲೇ ತಿರಸ್ಕರಿಸಿತ್ತು. ಏನು ಬರೆದಿದ್ದಳೋ, ಇವತ್ತಿಗೂ ಗೊತ್ತಿಲ್ಲ. ನಾನು ಪಾಪಿ, ಸಭಿಕರೇ. ಹನ್ನೊಂದು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ.

ಮಣ್ಣು ಮಾಡಿ ಬಂದವನೇ ನಿಯಮ ತೆಗೆದುಹಾಕಿದೆ. ಮೂರು ವಾರದ ಮೇಲೆ ಒಂದು ಪತ್ರ ಬಂತು. ಬಲಗಡೆ ಖಾಲಿ. ಒಳಗೆ ಒಂದೇ ಸಾಲು, "ಸ್ವೆಟರ್ ಹಾಕ್ಕೋ." ಯಾವುದಕ್ಕೆ ಉತ್ತರ ಎಂದು ನೋಡಿದರೆ, ಗುರುತು ನನ್ನ ಯಂತ್ರದ್ದೇ, ಆದರೆ ಅಂಥ ಪತ್ರವನ್ನು ನಾನು ಕಳಿಸಿಯೇ ಇರಲಿಲ್ಲ. ನಾಲ್ಕು ದಿನ ಬಿಟ್ಟು ಜ್ವರ ಬಂದು, ಆಫೀಸಿಗೆ ರಜೆ ಕೇಳಿ ಬರೆದೆ. ಕಳಿಸಿದ ಮೇಲೆ ಗುರುತು ನೋಡಿದೆ. ಸ್ವೆಟರಿನ ಪತ್ರದಲ್ಲಿದ್ದದ್ದೇ!

ವರ್ಷಕ್ಕೊಂದೋ ಎರಡೋ ಹಾಗೆ ಬರುತ್ತಲೇ ಇವೆ. ಉತ್ತರ ಮೊದಲು, ಪತ್ರ ಆಮೇಲೆ. ಹೆದರಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ನಿಮ್ಮ ಅಕ್ಕ ಬರೆದರೆ ನೀವು ಬಾಗಿಲು ಹಾಕುತ್ತೀರಾ? ಹೇಳಿ, ಹಾಕುತ್ತೀರಾ? ನಾನಂತೂ ಎರಡು ಕೈ ಚಾಚಿ... ಅಯ್ಯಯ್ಯೋ!

ಲೋಟ ಬಿದ್ದೇ ಹೋಯಿತು. ಯಾರೂ ಏಳಬೇಡಿ, ಮೈಕಿನ ತಂತಿ ಎಳೆಯಿತು, ಅಷ್ಟೆ. ಚೂರು ತುಳಿಯಬೇಡಿ.

ಇರಲಿ. ಈಗ ಕಾರಣ ಹೇಳಿಬಿಡುತ್ತೇನೆ. ನಿವೃತ್ತನಾಗುವವನ ಭಾಷಣವನ್ನು ಒಂದು ಮಾತೂ ಬಿಡದೆ ಟೈಪು ಮಾಡಿ, ಸಭೆ ಮುಗಿದೊಡನೆ ಸದಸ್ಯರಿಗೆಲ್ಲ ಇಮೇಲ್ ಮಾಡುವುದು ನಮ್ಮ ಪದ್ಧತಿ. ಆ ಇಮೇಲ್‌ಗೆಂದು ಮೊದಲೇ ತೆಗೆದಿಟ್ಟ ಗುರುತನ್ನು ಬರೆದ ಚೀಟಿಯನ್ನು ಗುಮಾಸ್ತರು ಈಗತಾನೇ ನನ್ನ ಕೈಗೆ ಕೊಟ್ಟರು. ಆ ಗುರುತಿಗೆ ಉತ್ತರ ಇವತ್ತು ಬೆಳಿಗ್ಗೆಯೇ ನನಗೆ ಬಂದಿದೆ. ಓದುತ್ತೇನೆ.

"ಪುಟ್ಟಾ, ಭಾಷಣ ಓದಿದೆ. ಲೋಟ ಬೀಳಿಸಿದೆಯಲ್ಲೋ, ನಿನ್ನ ಕೈ ಯಾವತ್ತು ನೆಟ್ಟಗಿತ್ತು? ಕೊನೆಗೂ ನೀನು ಸಹಿ ಹಾಕಿದೆ. ನಂಗೇನೂ ಬೇಜಾರಿಲ್ಲ ಕಣೋ. ಆವತ್ತೂ ಅದನ್ನೇ ಬರೆದಿದ್ದೆ."

ಯಾವ ಸಹಿ ಎಂದರೆ, ಮೇಜಿನ ಮೇಲಿರುವ ಈ ಕಾಗದದ್ದು. ಬಲಗಡೆ ಖಾಲಿ ಇರುವ ಗುರುತುಗಳನ್ನು ಇಂದಿನಿಂದ ಯಾವ ಯಂತ್ರವೂ ಒಪ್ಪಬಾರದು ಎಂಬ ನಿಯಮ. ನೀವೆಲ್ಲ ಸಹಿ ಹಾಕಿದ್ದೀರಿ, ಉಳಿದಿರುವುದು ನನ್ನದೊಂದೇ. ಪ್ರಾಣ ಹೋದರೂ ಹಾಕುವುದಿಲ್ಲ ಎಂದು ನಿಶ್ಚಯಿಸಿಕೊಂಡೇ ಮನೆ ಬಿಟ್ಟಿದ್ದೆ.

ಹಾಕದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಬೇಜಾರಿಲ್ಲ ಎಂದವಳು ನನ್ನ ಅಕ್ಕನಲ್ಲ, ಇನ್ಯಾರೋ. ಹಾಕಿದರೆ, ಹೇಳಿದವಳು ಅವಳೇ. ಆದರೆ ಅವಳು ಇನ್ನು ಬರೆಯುವ ಹಾಗಿಲ್ಲ.

ಅಧ್ಯಕ್ಷರೇ, ಆ ಪೆನ್ನು ಸ್ವಲ್ಪ ಕೊಡುತ್ತೀರಾ?

ಆಯಿತು.

ಟೈಪು ಮಾಡುತ್ತಿರುವ ತಂಗೀ, ಸಹಿ ಹಾಕಿದ ಎಂದು ಮರೆಯದೆ ಸೇರಿಸಮ್ಮ. ಅಕ್ಕ ಆಗಲೇ ಓದಿದ್ದಾಳೆ. ಆದರೂ ಸೇರಿಸು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ದೊಡ್ಡ ಮನಸ್ಸು ನಿಮ್ಮದು. ಲೋಟ ಒಡೆದದ್ದಕ್ಕೆ ಕ್ಷಮೆಯಿರಲಿ. ಕಿಟಕಿ ಪಕ್ಕದ ಕುರ್ಚಿಯೂ ಸೇರಿ, ನಿಮಗೆಲ್ಲರಿಗೂ ನನ್ನ ನಮಸ್ಕಾರ.