ಅಜಯಕುಮಾರ, ಹೊರಗ

...ನಿಂತೇ ಇರ್ತೀರೇನು ಕರುಣಾ ವೈನಿ, ಕುಂದ್ರಿ. ಸೇಡಂದಿಂದ ಬಿಸಲಾಗ ಬಂದೀರಿ. ಆ ಕಂಪ್ಯೂಟರ್ ತೆರಿ ಕಡಿ ಮಾತ್ರ ನೋಡಬ್ಯಾಡ್ರಿ... ನೋಡೇಬಿಟ್ರೇನು? ಹೌದು, ನಿಮ್ಮ ಮನ್ಯಾವರದೇ ಹೆಸರು. "ಅಜಯಕುಮಾರ, ಹೊರಗ." ಅಣ್ಣನ್ನ ಮಣ್ಣು ಮಾಡಿ ತಿಂಗಳಾತು. ದಿನಾ ಖಣಿ ಬ್ಲಾಸ್ಟಿಗಿ ಮುಂಚೆ ಹಿಂಗೇ ಬರ್ತದ. ಹೆಸರು ತೆಗಿ ಅಂತಾರ ಎಲ್ಲಾರೂ, ನನಗ ಕೈ ಬರವಲ್ದು.

ಯಾಕ ನಗ್ತೀರಿ? ಹಂಗ ನಗಬ್ಯಾಡ್ರಿ, ಅಂಜಿಕಿ ಬರ್ತದ.

ಹೇಳ್ತೀನಿ, ಕೇಳ್ರಿ. ಖಣಿಯಾಗ ಇಳಿಯೋ ಮಂದಿ ಕೊರಳಾಗ ಎಲ್ಲಿದ್ದಾರಂತ ಸಿಗ್ನಲ್ ಕೊಡೋ ಒಂದೊಂದು ಟ್ಯಾಗ್ ಇರ್ತದ. ಎಲ್ಲಾರೂ ಹೊರಗ ಬಂದಾರ ಅಂತ ನಮ್ಮ ಪ್ರೋಗ್ರಾಂ ಹೇಳಿದ್ರನ ಬ್ಲಾಸ್ಟ್. ನಾನೂ ಅಣ್ಣನೂ ಕೂಡಿ ಬರದದ್ದು. ಅಣ್ಣನ ಹಟ ನಿಮಗ ಗೊತ್ತದಲ್ಲ... "ದಾನೇಶ್ವರಿ, ಏನು ಉತ್ತರ ಕೊಡ್ತದ ಅಂತಷ್ಟೇ ಅಲ್ಲ, ಏನು ತಪ್ಪಬಹುದು ಅನ್ನೋದೂ ಟೈಪಿನಾಗೇ ಬರಿಬೇಕು" ಅಂತಿದ್ದ. ಅದಕ್ಕಂತ ಟೈಪಿನಾಗ, ಅಂದ್ರ ಪ್ರೋಗ್ರಾಮಿನ ಕರಾರಿನಾಗ, ಒಂದು ಖಾಲಿ ಜಾಗಾ ಇಟ್ಟಿದ್ದ. ಅದರಾಗ "ಟ್ಯಾಗ್ ಸಿಗಲಿಲ್ಲ" ಅಂತ ತುಂಬಿದ್ರ, ಸಿಗದಿದ್ರ ಏನು ಮಾಡಬೇಕು ಅಂತ ಎಲ್ಲಾ ಕಡಿ ಬರಿಯೋತನಕ ಪ್ರೋಗ್ರಾಂ ತಪಾಸೋ ಕಂಪೈಲರ್ ಬಿಡಂಗಿಲ್ಲ. ತೆರಿ ತುಂಬ ತಪ್ಪು ತೋರಸೋ ಕೆಂಪು ಗೆರಿ.

ಪೂಜಿ ದಿನ ಅದು. ಕಾಯಿ ಒಡದು ಚಾಲೂ ಮಾಡಬೇಕು, ನೋಡಿದ್ರ ಎಲ್ಲಾ ಕೆಂಪು. ಶುಭ ಕೆಲಸದಾಗ ಕೆಟ್ಟದ್ದು ಬಾಯಾಗ ತರಬಾರದು, ಅಸ್ತು ಅನ್ನೋ ದೇವರು ಮ್ಯಾಲೆ ಇರ್ತಾರ, ಅಂತ ನಮ್ಮವ್ವ ಅಂತಾಳ. ಅಣ್ಣ ಕಾಯಿ ತರಾಕ ಹೋದಾಗ ಯಾರೋ ಆ ಜಾಗಾದಾಗ "ತಪ್ಪೇ ಆಗಂಗಿಲ್ಲ" ಅಂತ ತುಂಬಿದ್ರು. ಕೆಂಪೆಲ್ಲಾ ಹೋತು. ಅವತ್ತಿಂದ ಸಿಗದ ಟ್ಯಾಗ್ ಎಲ್ಲಾ "ಹೊರಗ".

ಯಾರು ಅಂದ್ರ... ಭಾಳ ಮಂದಿ ಇದ್ರು ವೈನಿ. ಅದೂ ಅಲ್ಲದ ಬ್ಲಾಸ್ಟಿಗಿ ಸಿಕ್ಕ ದಿನ ಅಣ್ಣ ಟ್ಯಾಗ್ ಹಿಡಿಯೋ ಆಂಟೆನಾ ನೋಡಾಕ ಖಣಿಯಾಗ ಇಳಿದಾಗ ಟ್ಯಾಗೇ ಹಾಕ್ಕೊಂಡಿದ್ದಿಲ್ಲಂತ. ತಪ್ಪು ಅವಂದೇ ಅಂತ ಆಫೀಸಿನವರೂ ಬರದಾರ. ಹೂಂ, ನಾನೂ ಸಹಿ ಮಾಡೀನಿ.

ಸೆರಗಿನಾಗ ಏನದ ಅದು?

...ಅಣ್ಣನ ಟ್ಯಾಗ್. ಎಲ್ಲಿತ್ತಿದು? ಕೊರಳಾಗ? ಮೈ ತೊಳಿಯೋ ಮುಂದ ನೀವೇ ಬಿಚ್ಚಿಟ್ರೇನು? ಬ್ಯಾಟರಿ ಸತ್ತದ, ಅದಕ್ಕೇ ಸಿಗಲಿಲ್ಲ...

ಏನರ ಅನ್ರಿ ವೈನಿ. ಬೈರಿ. ಟ್ಯಾಗ್ ನನ್ನ ಕೈಯಾಗ ಯಾಕ ಇಡ್ತೀರಿ...

ಅವತ್ತು ತುಂಬಿದ್ದು ಯಾರೋ ಅಲ್ಲ.

ತಡೀರಿ, "ತಪ್ಪೇ ಆಗಂಗಿಲ್ಲ" ಅನ್ನೋ ಆ ಮಾತು ಈಗ ಅಳಿಸ್ತೀನಿ. ಅಣ್ಣನ ಮಾತೇ ತಿರುಗಿ ಬರೀತೀನಿ, ನಿಮ್ಮ ಕಣ್ಣ ಮುಂದೇ. "ಟ್ಯಾಗ್ ಸಿಗಲಿಲ್ಲ." ನೋಡ್ರಿ... ಮ್ಯಾಲಿಂದ ತಳಗಿನತನಕ ಕೆಂಪು. ಒಂದೊಂದು ಗೆರಿನೂ ಅದನ್ನೇ ಕೇಳಾಕತ್ತದ: ಅಂವ ಸಿಗಲಿಲ್ಲಂದ್ರ ಏನ್ ಮಾಡ್ತಿ, ದಾನೇಶ್ವರಿ?