ನೂರಾಗೋಕೆ ಮುಂಚೆ

ಥೂ! ನಿನ್ನ ಕಂಪ್ಯೂಟರ್ರದ್ದು ಮತ್ತೆ ಅದೇ ನೀಲಿ ಮೋರೆ! ವೈರ್ ಕೀಳು ಪುಟ್ಟಿ, ಕಿತ್ತು ಬಿಸಾಕು... ಯಾಕೆ ಕೈ ಅಡ್ಡ ಹಿಡಿತೀಯ? ಅಣ್ಣ ಹೇಳ್ತಿದ್ದೀನಿ, ಕೀಳು!

ಕೀಳಲ್ವಾ? ಸರಿ, ಕೂತ್ಕೊಂಡು ನೋಡು. ಹತ್ತು ಪರ್ಸೆಂಟ್, ಹನ್ನೊಂದು ಪರ್ಸೆಂಟ್... ಕೆಟ್ಟು ಬಿದ್ದಿರೋ ಕಂಪ್ಯೂಟರ್ರು ತಾನು ಯಾಕೆ ಕೆಟ್ಟೆ ಅಂತ ತಾನೇ ವರದಿ ಬರ್ಕೊಳ್ಳುತ್ತಂತೆ! ಯಾರಿಗೆ ಬೇಕು ಅದರ ಪುರಾಣ? ಅದಕ್ಕೇ ಪ್ರತಿ ಸಲ ನಾನೇ ಓಡಿ ಬಂದು ವೈರ್ ಕೀಳ್ತಿದ್ದಿದ್ದು, ನೂರಾಗೋಕೆ ಮುಂಚೆ.

ಏನು ಹಾಗೆ ನೋಡ್ತೀಯ? ನಿನ್ನ ಒಳ್ಳೇದಕ್ಕೆ ಕಣೇ! ಬಿಸಿಯಾಗಿ ಸುಟ್ಟುಹೋಗ್ಬಾರ್ದು ಅಂತ... ಛೀ, ಏನಿದು ನಿನ್ನ ಕೀಬೋರ್ಡು! ಕೂದಲು, ಬಿಸ್ಕತ್ ಪುಡಿ, ಮೇಲೆ ಅಂಟಂಟು ಟೀ. ವಾಕರಿಕೆ ಬರುತ್ತಪ್ಪ!

ಹಾಂ, ನೂರಾಯ್ತು. ಎದ್ದಿತು ನೋಡು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಮೊದಲು ನಿನ್ನ ಪುಸ್ತಕದ ಆನೆ ಚಿತ್ರ ತೆಗಿ... ಅಯ್ಯಯ್ಯೋ! ಸೊಂಡಿಲಿದೆ, ಕಿವಿಯಿದೆ, ಹೊಟ್ಟೆಯಿಂದ ಕೆಳಗೆ ಬರೀ ಬೂದಿ ಬಣ್ಣ! ಮೊಲ? ಅದು ತೆರೆಯೋದೇ ಇಲ್ವಾ? ಥೂ, ನೋಡೋಕಾಗಲ್ಲ. ಚಿತ್ರ ಉಳಿಸೋ ಹೊತ್ತಿಗೇ ಬಿದ್ದುಹೋಗುತ್ತೆ ಪೀಡೆ, ಎಲ್ಲಾ ಅರ್ಧಕ್ಕೇ ನಿಲ್ಲುತ್ತೆ. ಬೆನ್ನು ಮುರಿಯೋ ಹಾಗೆ ಕೂತು ಬರೆದಿದ್ದೆ ಪಾಪ ನೀನು, ಮೊದಲನೇ ಪುಸ್ತಕ ಅಂತ. ನಾಳೆ ಪ್ರಕಾಶಕರು ಬಂದ್ರೆ ಏನು ಕೊಡ್ತೀಯ? ಅಳಬೇಡ. ಹೋಗ್ಲಿ ಬಿಡು, ಮನೇಲಿ ಆರಾಮಾಗಿರು. ನಿಂಗೇನು ಕಮ್ಮಿ ಮಾಡಿದ್ದೀವಿ ನಾವು?

ಅಳ್ತಿಲ್ವಾ? ಮತ್ತೇನು ಅಷ್ಟೊಂದು ಬಗ್ಗಿ ಓದ್ತಿದ್ದೀಯ? ಆ ವರದಿನಾ... ಈ ಕಡೆ ತಿರುಗಿಸು. ಯಾವುದೋ ಪ್ರೋಗ್ರಾಂ ಹೆಸರಿದೆ, ಅದರಿಂದ್ಲೇ ಬಿದ್ದಿದ್ದು ಅಂತ. ಅದೇನು ಮಾಡುತ್ತೆ ಅಂತ ನಂಗೇನು ಗೊತ್ತು? ನೀನು ಒತ್ತೋ ಅಕ್ಷರಾನೆಲ್ಲ ಕದ್ದು ಬರ್ಕೊಳ್ಳೋದಾ? ಛೀ ಛೀ ಛೀ! ಹೋದ ತಿಂಗಳು ಬಂದಿದ್ದ ಆ ರಿಪೇರಿಯವನೇ ಹಾಕಿರ್ತಾನೆ, ಕಳ್ಳ ನನ್ಮಗ! ಇನ್ನೊಬ್ರು ಯಾರಿಗೆ ಏನು ಬರೀತಾರೆ ಅಂತ ಇಣುಕಿ ನೋಡೋದು... ಎಂಥ ಹೊಲಸು ಜನ! ಮೈ ಉರಿಯುತ್ತೆ ನಂಗೆ!

ಏಯ್ ಪುಟ್ಟಿ... ಯಾಕೆ ಎದ್ದೆ? ಬ್ಯಾಗ್ ಯಾಕೆ? ನಾಲ್ಕು ಚಿತ್ರ ಹಾಳಾದವು ಅಂತ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ? ಆ ಬಾಡಿಗೆ ರೂಮಲ್ಲಿ ಹೇಗಿರ್ತೀಯ ನೀನು? ಎರಡನೇ ಮಹಡಿ, ಒಂದೇ ಕಿಟಕಿ, ಅದೂ ಗೋಡೆ ಕಡೆಗೆ...

ಯಾಕೆ ನಿಂತೆ?

ನೀನೇ ಹೇಳಿದ್ಯಲ್ಲ ರೂಮಿನ ವಿಷಯ. ಊಟಕ್ಕೆ ಕೂತಾಗ... ಇಲ್ವಾ? ಹಾಗಾದ್ರೆ ಅಮ್ಮನ ಹತ್ರ ಹೇಳಿರ್ತೀಯ... ಅಮ್ಮನಿಗೂ ಹೇಳಿಲ್ವಾ? ಬರೀ ನಿನ್ನ ಗೆಳತಿಗೆ, ಇದೇ ಕಂಪ್ಯೂಟರ್ರಲ್ಲಿ ಬರೆದಿದ್ದಾ...

ಪುಟ್ಟೀ... ಯಾರಿಗೋ ಬಾಯಿಬಿಟ್ಟಿರ್ತೀಯ, ನೆನಪು ಮಾಡ್ಕೋ. ಮಾಡ್ಕೋ ಅಂದೆ!... ಹಾಗೆ ನೋಡ್ಬೇಡ್ವೇ. ಹೇಸಿಗೆ ಕಂಡ ಹಾಗೆ ನೋಡ್ಬೇಡ... ನಾನು ನಿನ್ನ ಅಣ್ಣ ಕಣೇ...